ಹಳೇ ಫೈಬರ್ ಬೋಟು: ಮೊದ್ಲು ಒಣಗ್ಲಿ, ಪೇಂಟ್ ಆಮೇಲೆ

ಈ ಸಲ ಬಂದ ಪ್ರಶ್ನೆ ಎಲ್ಲಾ ಹಳೇ ಫೈಬರ್‌ಗ್ಲಾಸ್ ಮೋಟರ್ ಬೋಟ್ ಬಗ್ಗೇನೇ. ಉತ್ತರ ಬರೆದಿರೋರು ಕುಂದಾಪುರ ಕಡೆಯವರು, ಊರಿನ ಬೋಟ್ ಯಾರ್ಡಲ್ಲಿ ಫೈಬರ್ ಕೆಲಸ ಕಲಿತು, ಈಗ ಅಮೆರಿಕದ ಮ್ಯಾಸಚೂಸೆಟ್ಸಲ್ಲಿ ಹಳೇ ಬೋಟ್ ರಿಪೇರಿ ಮಾಡ್ತಾರೆ.

ಬಾಸ್ಟನ್ ಹತ್ರದಿಂದ. ನಮ್ಮದು ಮೂಲ ಮೈಸೂರು. ಪಕ್ಕದ ಮನೆ ಅಜ್ಜ ಮನೆ ಮಾರಿ ಹೋಗುವಾಗ 13 ಅಡಿ ಬಾಸ್ಟನ್ ವೇಲರ್ ಬೋಟನ್ನ ಟ್ರೇಲರ್ ಸಮೇತ ನಮಗೇ ಕೊಟ್ಬಿಟ್ರು, 1966ರದ್ದಂತೆ. ಒಳಗೆ ತಿಳಿನೀಲಿ ಬಣ್ಣ, ಮರದ ಸೀಟು ಬಿರುಕು ಬಿಟ್ಟಿದೆ. ಮಗಳ ಬೇಸಿಗೆ ರಜೆ ಶುರುವಾಗೋದ್ರೊಳಗೆ ಪೇಂಟ್ ಹೊಡೆದು ನೀರಿಗಿಳಿಸ್ಬೇಕು ಅಂತಿದೀವಿ. ಯಾವ ಪೇಂಟ್ ಒಳ್ಳೇದು?

ಪೇಂಟ್ ಡಬ್ಬಿ ಈಗ್ಲೇ ತರ್ಬೇಡಿ ಮಾರಾಯ್ರೆ. ನಿಮ್ಮ ಕೈಗೆ ಬಂದಿರೋದು ತುಂಬಾ ಒಳ್ಳೇ ಬೋಟು, ಅದಕ್ಕೇ ಹೇಳ್ತಿದ್ದೇನೆ. ಡಿಕ್ ಫಿಶರ್ ಅನ್ನೋರು ಮಾಡಿ, ರೇ ಹಂಟ್ ಡಿಸೈನ್ ಮಾಡಿ, 1958ರಲ್ಲಿ ಮಾರಾಟಕ್ಕೆ ಬಂದ ಬೋಟು ಇದು. ಹೊರಗೊಂದು ಒಳಗೊಂದು ಫೈಬರ್ ಚಿಪ್ಪು, ಎರಡರ ಮಧ್ಯೆ ಪಾಲಿಯುರೆಥೇನ್ ಫೋಮ್ ಸುರಿದು ಅದು ಉಬ್ಬಿ ಎರಡಕ್ಕೂ ಅಂಟಿ ಇಡೀ ಬೋಟು ಒಂದೇ ಗಟ್ಟಿ ತುಂಡು ಆಗ್ತದೆ. 1961ರಲ್ಲಿ ಲೈಫ್ ಪತ್ರಿಕೇಲಿ ಫಿಶರ್ ಬೋಟಲ್ಲಿ ಕೂತಿರುವಾಗ್ಲೇ ಅದನ್ನ ಗರಗಸದಲ್ಲಿ ಮಧ್ಯಕ್ಕೆ ಕೊಯ್ದು, ಮೋಟರ್ ಇರೋ ಅರ್ಧವನ್ನ ಓಡಿಸ್ಕೊಂಡು ಹೋದ ಫೋಟೋ ಬಂದಿತ್ತು. ಅಂದ್ರೆ ಮುಳುಗೋದಿಲ್ಲ, ಅದು ನಿಜ. ಆದ್ರೆ ಅದೇ ಫೋಮ್ ಅರವತ್ತು ವರ್ಷದಲ್ಲಿ ಎಲ್ಲೋ ಒಂದು ತೂತಿಂದ ನೀರು ಕುಡೀತಾ ಕುಡೀತಾ ಇರ್ತದೆ, ಹೊರಗಿಂದ ನೋಡಿದ್ರೆ ಏನೂ ಗೊತ್ತಾಗೋದಿಲ್ಲ, ಮೇಲೆ ನೀವು ಹೊಳೆಯೋ ಪೇಂಟ್ ಹೊಡೆದ್ರೆ ಆ ನೀರನ್ನ ಒಳಗೇ ಇಟ್ಟು ಬಾಗ್ಲು ಹಾಕಿದ ಹಾಗೆ.

ಅದಕ್ಕೆ ಮೊದಲ ಕೆಲಸ ತೂಕ. ಬೋಟಿಂದ ಮೋಟರ್, ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಎಲ್ಲಾ ಇಳಿಸಿ, ಟ್ರೇಲರ್ ಸಮೇತ ಲಾರಿ ತೂಗೋ ವೇಬ್ರಿಡ್ಜಿಗೆ ಒಯ್ದು ತೂಗಿಸಿ, ಆಮೇಲೆ ಖಾಲಿ ಟ್ರೇಲರ್ ತೂಗಿಸಿ ಕಳೀರಿ. ಬಂದ ಲೆಕ್ಕವನ್ನ ಆ ವರ್ಷದ ಕಂಪನಿ ಕ್ಯಾಟಲಾಗಲ್ಲಿರೋ ತೂಕದ ಜೊತೆ ಹೋಲಿಸಿ. ನಲವತ್ತು ಐವತ್ತು ಪೌಂಡ್ ಹೆಚ್ಚಿದ್ರೆ ನಾನಾದ್ರೆ ತಲೆ ಕೆಡಿಸ್ಕೊಳ್ಳೋದಿಲ್ಲ, ಹಳೇ ಪೇಂಟಿನ ತೂಕವೂ ಅದ್ರಲ್ಲಿ ಸೇರಿರ್ತದೆ. ನೂರೈವತ್ತು ದಾಟಿದ್ರೆ ಮಾತ್ರ ಒಳಗಿನ ನೆಲ ಕೊಯ್ದು ಒದ್ದೆ ಫೋಮ್ ತೆಗೀಬೇಕಾ ಅನ್ನೋದನ್ನ ಕೂತು ಯೋಚನೆ ಮಾಡ್ಬೇಕು. ಒಣಗಿಸ್ತೇನೆ ಅಂತ ಫ್ಯಾನ್ ಇಟ್ಟು ಹೀಟರ್ ಇಟ್ಟು ತಿಂಗಳುಗಟ್ಲೆ ಕಾದವರನ್ನ ನೋಡಿದ್ದೇನೆ, ಫೋಮಿನ ಒಳಗೆ ಹೋದ ನೀರು ಅಷ್ಟು ಸುಲಭಕ್ಕೆ ಹೊರಗೆ ಬರೋದಿಲ್ಲ.

ಎರಡ್ನೇದು, ನೀರು ಎಲ್ಲಿಂದ ಹೋಯ್ತು ಅಂತ ಹುಡುಕಿ. ಹತ್ತು ಸಲದಲ್ಲಿ ಏಳು ಸಲ ಅದು ಹಿತ್ತಾಳೆ ಡ್ರೈನ್ ಟ್ಯೂಬಿಂದ. ಬೋಟಿನ ಹಿಂದೆ ಕೆಳಗೆ ನೀರು ಬಸಿಯೋ ತೂತಿಗೆ ಒಂದಿಂಚಿನ ಹಿತ್ತಾಳೆ ಕೊಳವೆ ಹಾಕಿ ಎರಡೂ ತುದೀಲಿ ಅಂಚನ್ನ ಹೂವಿನ ದಳದ ಹಾಗೆ ಮಡಚಿರ್ತಾರೆ. ಬೆರಳು ಹಾಕಿ ಸವರಿ ನೋಡಿ. ಅಂಚಲ್ಲಿ ಹಸಿರು ಪುಡಿ, ಎಲ್ಲೋ ಒಂದು ಕಡೆ ಸೀಳು, ಒಳಗೆ ಉಗುರಿಗೆ ತಾಗೋ ಸಣ್ಣ ಗುಳಿ, ಇಷ್ಟು ಸಿಕ್ಕಿದ್ರೆ ಸಾಕು, ಟ್ಯೂಬ್ ಹೋಗಿದೆ ಅಂತ ಲೆಕ್ಕ. ಹಳೇದನ್ನ ಅಂಚು ಉಜ್ಜಿ ತೆಗೆದು ತಳ್ಳಿ ಹೊರಗೆ ಹಾಕಿ, ತೂತಿನ ಸುತ್ತ ಫೋಮ್, ಮರ ಒಣಗೋವರೆಗೆ ಕಾಯಿರಿ, ಆಮೇಲೆ ತೆಳು ಎಪಾಕ್ಸಿ (ಎರಡು ದ್ರವ ಕಲಸಿದ್ರೆ ಗಟ್ಟಿಯಾಗೋ ಅಂಟು) ಬ್ರಷ್‌ನಲ್ಲಿ ಕುಡಿಸಿ, ಗಟ್ಟಿಯಾದ ಮೇಲೆ ಹೊಸ ಟ್ಯೂಬಿಗೆ ಸೀಲೆಂಟ್ ಹಚ್ಚಿ ಕೂರಿಸಿ, ಫ್ಲೇರಿಂಗ್ ಟೂಲಲ್ಲಿ ನಿಧಾನಕ್ಕೆ ಅಂಚು ಮಡಚಿ. ಸುತ್ತಿಗೇಲಿ ಬಡೀಬೇಡಿ, ಸೀಳ್ತದೆ.

ಇನ್ನೊಂದು ವಿಷ್ಯ ಈ ಬೋಟಿಗೆ ಮಾತ್ರ. ಸೀಟು, ಕನ್ಸೋಲ್ (ಸ್ಟೀರಿಂಗ್ ಇರೋ ಪೆಟ್ಟಿಗೆ), ಕ್ಲೀಟು (ಹಗ್ಗ ಕಟ್ಟೋ ಕೊಕ್ಕೆ) ಎಲ್ಲಾ ಎಲ್ಲಿ ಬೇಕಾದ್ರೂ ಸ್ಕ್ರೂ ಹಾಕ್ಲಿಕ್ಕೆ ಆಗೋದಿಲ್ಲ, ಕಂಪನಿಯವರು ಫೋಮಿನ ಒಳಗೆ ಕೆಲವು ಕಡೆ ಮಾತ್ರ ಮರದ ತುಂಡು ಹೂತಿಟ್ಟಿದ್ದಾರೆ. ಅದರ ನಕ್ಷೆ ಮಾಡೆಲ್ ಪ್ರಕಾರ ಸಿಗ್ತದೆ, ಅದನ್ನ ಪ್ರಿಂಟ್ ತೆಗೆದು ಪಕ್ಕ ಇಟ್ಕೊಳ್ಳಿ. ಮರ ಇಲ್ಲದ ಜಾಗದಲ್ಲಿ ಹಾಕಿದ ಸ್ಕ್ರೂ ತೆಳು ಚಿಪ್ಪನ್ನ ಮಾತ್ರ ಹಿಡ್ಕೊಂಡಿರ್ತದೆ, ಒಂದು ಬೇಸಿಗೇಲಿ ಕಿತ್ತು ಬಂದು ಅಲ್ಲೊಂದು ನೀರಿನ ದಾರಿ ಆಗ್ತದೆ.

ಸೀಟು ಮಹಾಗನಿ, ಬಿಸಾಡ್ಬೇಡಿ ದಯವಿಟ್ಟು. ಹಳೇ ವಾರ್ನಿಷ್ ಕೆರೆದು, ಬಿರುಕಿಗೆ ಎಪಾಕ್ಸಿ ತುಂಬಿ, ಸ್ಯಾಂಡ್ ಮಾಡಿ ಬಿಸಿಲು ತಡೆಯೋ ಮರೈನ್ ವಾರ್ನಿಷ್ ಆರೇಳು ಕೋಟ್ ಕೊಟ್ರೆ ಅದರ ಕೆಂಪು ಮತ್ತೆ ಏಳ್ತದೆ. ಫೈಬರ್ ಮೇಲೆ ಬಣ್ಣದ ಹೊರಪದರ ಆಗಿರೋ ಆ ನೀಲಿ ಗೆಲ್‌ಕೋಟನ್ನೂ ಮುಚ್ಬೇಡಿ ಅಂತ ನನ್ನ ಆಸೆ. ಮೇಲೆ ಸುಣ್ಣದ ಹಾಗೆ ಮಾಸಿದ್ದು ಬರೀ ಮೇಲ್ಪದರ, 600 ನಂಬರ್ ವಾಟರ್ ಪೇಪರ್, ಆಮೇಲೆ 1000, ಆಮೇಲೆ ಉಜ್ಜಿ ಹೊಳಪು ತರೋ ಪಾಲಿಶ್ ಕಾಂಪೌಂಡು, ವ್ಯಾಕ್ಸು. ಒಂದು ಅಂಗೈ ಅಗಲ ಮಾಡಿ ನೋಡಿ, ಬಣ್ಣ ಬಂದ್ರೆ ಪೇಂಟೇ ಬೇಡ.

ನ್ಯೂಜೆರ್ಸಿಯಿಂದ. ನಮ್ಮದು ಸಣ್ಣ ತೆರೆದ ಮೋಟರ್ ಬೋಟು, 14 ಅಡಿ ರನ್‌ಅಬೌಟ್, 1959ರದ್ದು, ಹಿಂದೆ ಆ ಕಾಲದ ಕಾರಿನ ತರ ರೆಕ್ಕೆ ಇದೆ. ನೋಡೋಕೆ ಚೆನ್ನಾಗಿದೆ ಆದ್ರೆ ಮೋಟರನ್ನ ಹಿಡಿದು ಅಲ್ಲಾಡಿಸಿದ್ರೆ ಹಿಂದಿನ ಗೋಡೆ ಅದರ ಜೊತೆ ಅಲ್ಲಾಡತ್ತೆ. ದೊಡ್ಡ ಬೋಲ್ಟ್ ಹಾಕಿ ಟೈಟ್ ಮಾಡಿದ್ರೆ ಸಾಕಾಗಲ್ವಾ?

ಸಾಕಾಗೋದಿಲ್ಲ, ಮತ್ತೆ ದಯವಿಟ್ಟು ಈಗಿನ ಸ್ಥಿತೀಲಿ ಅದನ್ನ ನೀರಿಗೆ ಒಯ್ಬೇಡಿ. ಆ ಗೋಡೆಗೆ ಟ್ರಾನ್ಸಮ್ ಅಂತಾರೆ, ಒಳಗೆ ಪ್ಲೈವುಡ್, ಎರಡೂ ಕಡೆ ಫೈಬರ್. ಮೋಟರಿನ ಭಾರ, ನೂಕು ಎಲ್ಲಾ ಅದರ ಮೇಲೆ. ಪ್ಲೈವುಡ್ ಕೊಳೆತು ಕಾಫಿ ಪುಡಿ ಗಸಿ ತರ ಆಗಿದ್ರೆ ನೀವು ಬೋಲ್ಟ್ ಟೈಟ್ ಮಾಡಿದಷ್ಟೂ ಎರಡು ಚಿಪ್ಪು ಒಳಗೆ ಕುಸೀತದೆ ಅಷ್ಟೆ. ಹೋಗ್ತಾ ಹೋಗ್ತಾ ಪೂರ್ತಿ ಸ್ಪೀಡಲ್ಲಿ ಮೋಟರು ಟ್ರಾನ್ಸಮ್ ಸಮೇತ ಕಿತ್ಕೊಂಡು ಹೋದ್ರೆ ಹಿಂದೆ ದೊಡ್ಡ ಬಾಗ್ಲು, ನೀರು ಒಂದೇ ಸಲ ಒಳಗೆ. ನಿಮ್ಮದು ಮೇಲಿನ ಪ್ರಶ್ನೆಯ ಬಾಸ್ಟನ್ ವೇಲರ್ ಅಲ್ಲ, ತೇಲಿಸ್ಲಿಕ್ಕೆ ಒಳಗೆ ಫೋಮ್ ಎಷ್ಟು ಉಂಟೋ ಇಲ್ಲವೋ.

ಖಾತ್ರಿ ಮಾಡ್ಕೊಳ್ಳೋದು ಹೀಗೆ. ಸಣ್ಣ ಪ್ಲಾಸ್ಟಿಕ್ ಸುತ್ತಿಗೇಲಿ ಇಂಚಿಂಚು ತಟ್ತಾ ಹೋಗಿ. ಒಳ್ಳೇ ಜಾಗ ಟಣ್ ಅಂತದೆ, ಕೊಳೆತದ್ದು ಹಲಸಿನ ಹಣ್ಣು ತಟ್ಟಿದ ಹಾಗೆ ಬೊದ್ ಅಂತದೆ, ಒಂದ್ಸಲ ಕಿವಿಗೆ ಬಿದ್ರೆ ಮರೆಯೋದಿಲ್ಲ. ಪೆನ್ಸಿಲಲ್ಲಿ ಗುರುತು ಹಾಕಿ. ಆಮೇಲೆ ಒಳಗಿನ ಕಡೆಯಿಂದ ಕೆಳಗೆ ಎರಡು ಮೂರು ಕಡೆ ಸಣ್ಣ ಬಿಟ್‌ನಲ್ಲಿ ತೂತು ಕೊರೀರಿ, ಹೊರಚಿಪ್ಪಿಗೆ ದಾಟ್ಬಾರ್ದು. ಬಿಟ್‌ನ ಸುರುಳೀಲಿ ಬಂದ ಪುಡಿ ಬೆರಳಲ್ಲಿ ಉಜ್ಜಿ ನೋಡಿ. ಬಿಳಿ ಹಳದಿಯಾಗಿ ಒಣಗಿದ್ರೆ ಪುಣ್ಯ, ಕಪ್ಪಾಗಿ ಒದ್ದೆ ಮಣ್ಣಿನ ಹಾಗೆ ಬೆರಳಿಗೆ ಮೆತ್ತಿಕೊಂಡ್ರೆ ಟ್ರಾನ್ಸಮ್ ಬದಲಿಸ್ಲೇಬೇಕು. ನೀವು ಹೇಳಿದ್ದು ಕೇಳಿದ್ರೆ ನನಗೆ ಎರಡ್ನೇದೇ ಅನ್ನಿಸ್ತದೆ.

ಬದಲಿಸುವಾಗ ಹೊರಚಿಪ್ಪು ಮುಟ್ಬೇಡಿ, ಆ ರೆಕ್ಕೆ ಆ ಆಕಾರ ಹೋದ್ರೆ ವಾಪಸ್ ತರೋದು ಕಷ್ಟ. ಒಳಚಿಪ್ಪನ್ನ ಸುತ್ತ ಎರಡು ಮೂರು ಇಂಚು ಅಂಚು ಬಿಟ್ಟು ಕೊಯ್ದು ತೆಗೀರಿ, ಕೊಳೆತ ಮರ ಉಳಿಯಲ್ಲಿ ಕೆರೆದು ತೆಗೀರಿ, ಹೊರಚಿಪ್ಪಿನ ಒಳಮೈ ಗ್ರೈಂಡ್ ಮಾಡಿ ಸ್ವಚ್ಛ ಫೈಬರ್ ಕಾಣ್ಬೇಕು. ಆಮೇಲೆ ನಿಲ್ಸಿ. ವಾರಗಟ್ಲೆ ಒಣಗ್ಲಿಕ್ಕೆ ಬಿಡಿ. ಎಲ್ಲರೂ ಅವಸರ ಮಾಡೋದು ಇಲ್ಲೇ, ಇನ್ನೊಂದು ವೀಕೆಂಡ್ ಯಾಕೆ ಹಾಳು ಅಂತ ಒದ್ದೆ ಫೈಬರ್ ಮೇಲೆ ಹೊಸ ಪ್ಲೈವುಡ್ ಅಂಟಿಸ್ತಾರೆ, ನಾಲ್ಕೈದು ವರ್ಷಕ್ಕೆ ಮತ್ತೆ ಅದೇ ಕಥೆ. ಒಣಗಿದೆಯಾ ಅಂತ ನೋಡ್ಲಿಕ್ಕೆ ಒಂದು ಪ್ಲಾಸ್ಟಿಕ್ ಹಾಳೆ ನಾಲ್ಕೂ ಕಡೆ ಟೇಪ್ ಹಾಕಿ ರಾತ್ರಿ ಬಿಡಿ, ಬೆಳಿಗ್ಗೆ ಒಳಗೆ ಬೆವರು ಕಂಡ್ರೆ ಇನ್ನೂ ಸಮಯ ಬೇಕು.

ಹೊಸ ಮರ ಮುಕ್ಕಾಲು ಇಂಚಿನ ಮರೈನ್ ಪ್ಲೈ ಎರಡು, ಒಟ್ಟು ಒಂದೂವರೆ ಇಂಚು. ಹಳೇದನ್ನ ಅಳೆದು ಅಷ್ಟೇ ದಪ್ಪ ಮಾಡಿ. ಕೂರಿಸೋ ಮೊದ್ಲು ಪ್ಲೈನ ಅಂಚಿಗೆ ತೆಳು ಎಪಾಕ್ಸಿ ಕುಡಿಯುವಷ್ಟು ಕುಡಿಸಿ, ಮರ ನೀರು ಎಳೆಯೋದು ಅಂಚಿಂದ. ಅಂಟಿಸ್ಲಿಕ್ಕೆ ಎಪಾಕ್ಸಿಗೆ ಸಿಲಿಕಾ ಪುಡಿ ಸೇರಿಸಿ ಕಡಲೆಬೀಜದ ಚಟ್ನಿ ಹದಕ್ಕೆ ಕಲಸಿ, ಕ್ಲ್ಯಾಂಪ್ ಹಾಕಿದಾಗ ಸುತ್ತ ಎಲ್ಲಾ ಕಡೆ ಸ್ವಲ್ಪ ಉಕ್ಕಿ ಬರ್ಬೇಕು, ಬರ್ಲಿಲ್ಲ ಅಂದ್ರೆ ಒಳಗೆ ಗಾಳಿ ಉಂಟು. ಮೂಲೆಗಳನ್ನ ಅದೇ ಚಟ್ನೀಲಿ ದುಂಡಗೆ ಮಾಡಿ ಮೇಲೆ ಬೈಯಾಕ್ಸಿಯಲ್ ಬಟ್ಟೆ (ಎಳೆಗಳು ಎರಡು ದಿಕ್ಕಿಗೆ ಇರೋ ಗಾಜಿನ ನಾರಿನ ಬಟ್ಟೆ) ಪದರ ಪದರ, ಪ್ರತಿ ಪದರವೂ ಹಿಂದಿನದಕ್ಕಿಂತ ಅಗಲ. ಸೇರುವ ಕಡೆ ಫೈಬರಿನ ದಪ್ಪದ ಹನ್ನೆರಡು ಪಾಲು ಉದ್ದಕ್ಕೆ ಇಳಿಜಾರಾಗಿ ಗ್ರೈಂಡ್ ಮಾಡಿರ್ಬೇಕು, ಕಾಲು ಇಂಚು ದಪ್ಪಕ್ಕೆ ಮೂರಿಂಚು. ಆ ಇಳಿಜಾರಿಲ್ಲದ ಪ್ಯಾಚು ಸ್ಟಿಕ್ಕರ್ ಇದ್ದ ಹಾಗೆ.

ಮೋಟರಿನ ಬೋಲ್ಟ್ ತೂತು ಕೊರೆಯುವಾಗ ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ಮಧ್ಯೆ ಸರಿಯಾದ ಅಳತೇಲಿ ಮತ್ತೆ ಕೊರೀರಿ. ಬೋಲ್ಟಿನ ಸುತ್ತ ಮರ ಕಾಣ್ಲೇಬಾರ್ದು. ಅಷ್ಟೂ ವರ್ಷದ ಹಿಂದೆ ಇದೊಂದು ಮಾಡಿದ್ರೆ ನಿಮ್ಮ ಟ್ರಾನ್ಸಮ್ ಇವತ್ತೂ ಗಟ್ಟಿ ಇರ್ತಿತ್ತು.

ಎಷ್ಟು ಜನ ಕೂರ್ಬಹುದು ಅನ್ನೋ ಕಡ್ಡಾಯ ಪ್ಲೇಟ್ ಅಮೆರಿಕದಲ್ಲಿ ಬಂದಿದ್ದು 1972ರಲ್ಲಿ, ನಿಮ್ಮದ್ರಲ್ಲಿ ಇರ್ಲಿಕ್ಕಿಲ್ಲ. ಉದ್ದ, ಅಗಲ ಅಡೀಲಿ ಗುಣಿಸಿ 15ರಿಂದ ಭಾಗಿಸಿ. 14 ಅಡಿಗೆ 5 ಅಡಿ ಆದ್ರೆ 70, ಭಾಗಿಸಿದ್ರೆ 4.67, ಅಂದ್ರೆ ನಾಲ್ಕು ಜನ, ಅದೂ ನೀರು ಶಾಂತ ಇದ್ದಾಗ.

ಗಂಗೊಳ್ಳಿಯಿಂದ. ಅಪ್ಪಯ್ಯನ ಕಾಲದ ಸಣ್ಣ ಫೈಬರ್ ದೋಣಿ ಉಂಟು, ಈಗ ಮೀನಿಗೆ ಹೋಗುದಿಲ್ಲ, ಹೊಳೇಲಿ ಮನೆಯವರು ತಿರುಗ್ಲಿಕ್ಕೆ ಸರಿ ಮಾಡುವ ಅಂತ. ಅಡೀಲಿ ಅಲ್ಲಲ್ಲಿ ಬೊಕ್ಕೆ ಎದ್ದಿದೆ. ಎಪಾಕ್ಸಿ ತುಂಬಾ ಕ್ರಯ, ಯಾರ್ಡಲ್ಲಿ ಮಾಮೂಲಿ ಪಾಲಿಯೆಸ್ಟರ್ ರೆಸಿನ್ನೇ (ಫೈಬರಿಗೆ ಹಚ್ಚುವ ಅಂಟುದ್ರವ) ಸಾಕು ಅಂತಾರೆ. ಮಳೆಗಾಲದಲ್ಲಿ ದೋಣಿ ಮೇಲೆ ಇರ್ತದಲ್ಲ, ಆಗ ಮಾಡ್ಲಾ?

ನಮ್ಮೂರಿನ ಪ್ರಶ್ನೆ ಬಂದದ್ದು ಭಾರೀ ಖುಷಿ. ಮಳೆಗಾಲದಲ್ಲಿ ಬೇಡ. ಯಾಂತ್ರೀಕೃತ ಬೋಟಿಗೆಲ್ಲ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುದ್ರಿಂದ ಎಲ್ಲರೂ ಆಗ್ಲೇ ರಿಪೇರಿಗೆ ಹಾಕ್ತಾರೆ, ಬೇರೆ ದಾರಿ ಇಲ್ಲ ಅವರಿಗೆ. ನಿಮಗೆ ಆ ಒತ್ತಡ ಇಲ್ಲ ಅಲ್ವಾ. ಗಾಳೀಲೇ ನೀರು ಇರುವಾಗ ಗಾಜಿನ ನಾರಿನ ಮ್ಯಾಟು ತೇವ ಎಳ್ಕೊಂಡು ರೆಸಿನ್ ಹಾಲಿನ ಹಾಗೆ ಬಿಳಿಚಿಕೊಳ್ತದೆ, ಗಟ್ಟಿಯಾದ ಹಾಗೆ ಕಂಡ್ರೂ ಹಿಡಿತ ಇರೋದಿಲ್ಲ. ದೀಪಾವಳಿ ಕಳೆದ ಮೇಲೆ ದೋಣಿ ಮೇಲೆ ಎಳೆದು ಮಗುಚಿ ಹಾಕಿ, ಬೊಕ್ಕೆ ಎಲ್ಲಾ ಒಡೀರಿ. ಒಡೆದಾಗ ವಿನೆಗರಿನ ಹಾಗೆ ಹುಳಿ ವಾಸನೆಯ ನೀರು ಬಂದ್ರೆ ಅದು ಆಸ್ಮೋಸಿಸ್. ರೆಸಿನ್ನಿನ ಒಳಗೆ ನೀರು ಸೇರಿ ರೆಸಿನ್ನೇ ಕರಗಿ ಆಮ್ಲ ಆಗಿದ್ದು. ಗ್ರೈಂಡ್ ಮಾಡಿ, ಸಿಹಿನೀರಲ್ಲಿ ಮತ್ತೆ ಮತ್ತೆ ತೊಳೆದು, ಫೆಬ್ರವರಿ ಮಾರ್ಚ್ ತನಕ ನೆರಳಲ್ಲಿ ಗಾಳಿಗೆ ಬಿಡಿ. ಅಡಿಯ ಈ ಕೆಲಸಕ್ಕೆ ಮಾತ್ರ ಎಪಾಕ್ಸಿಯೇ ಹಾಕಿ, ನೀರು ತಡೆಯೋದ್ರಲ್ಲಿ ಅದಕ್ಕೂ ಮಾಮೂಲಿ ಪಾಲಿಯೆಸ್ಟರಿಗೂ ತುಂಬಾ ವ್ಯತ್ಯಾಸ. ಟ್ರಾನ್ಸಮ್ಮಿಗೂ ಅಷ್ಟೆ, ಪ್ಲೈ ತರುವಾಗ ಮರೈನ್ ಪ್ಲೈಗೆ ಕೊಡುವ ಐಎಸ್ 710 ಸೀಲ್ ನೋಡಿ ತನ್ನಿ.

ಉಳಿದ ಕಡೆ, ಒಳಗಿನ ಪೆಟ್ಟಿಗೆ, ಸೀಟು, ಸಣ್ಣ ಪ್ಯಾಚಿಗೆಲ್ಲ ಪಾಲಿಯೆಸ್ಟರ್ ಸಾಕು, ಆದ್ರೆ ಜಿಪಿ (ಸಾಮಾನ್ಯ ದರ್ಜೆ) ಬಿಟ್ಟು ಐಸೋ (ನೀರು ಹೆಚ್ಚು ತಡೆಯುವ ದರ್ಜೆ) ರೆಸಿನ್ ಕೇಳಿ ತನ್ನಿ. ಒಂದು ನೆನಪಿಡಿ, ಹಳೇ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡೀತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯೋದಿಲ್ಲ. ಎಪಾಕ್ಸಿ ಹಾಕಿದ ಜಾಗದಲ್ಲಿ ಮುಂದೆಯೂ ಎಪಾಕ್ಸಿಯೇ.

ಮತ್ತೆ ಇದನ್ನ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಆಕ್ಸಿಲರೇಟರ್ ಅಂತ ಕೊಡುವ ನೇರಳೆ ಬಣ್ಣದ ಕೋಬಾಲ್ಟ್, ಹಾರ್ಡ್ನರ್ ಅಂತ ಕೊಡುವ ನೀರಿನ ಹಾಗಿನ ಕೆಟಲಿಸ್ಟ್, ಇವೆರಡನ್ನ ಯಾವತ್ತೂ ನೇರ ಒಟ್ಟಿಗೆ ಸುರೀಬಾರ್ದು, ಸ್ಫೋಟ ಆಗ್ತದೆ. ಮೊದ್ಲು ಆಕ್ಸಿಲರೇಟರ್ ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಬೇರೆ ಲೋಟದಲ್ಲಿ ಅಳೆದು ಕೆಟಲಿಸ್ಟ್, ನೂರು ಗ್ರಾಮಿಗೆ ಒಂದರಿಂದ ಎರಡು ಗ್ರಾಮ್. ಯಾರ್ಡಲ್ಲಿ ಕಣ್ಣಳತೇಲಿ ಹಾಕೋದು ನೋಡಿದ್ದೀರಿ, ಅವರ ಕೈಗೆ ಇಪ್ಪತ್ತು ವರ್ಷದ ಅಭ್ಯಾಸ ಉಂಟು.

ಡಲ್ಲಾಸಿಂದ. ನನ್ನ ಗಂಡ ಗ್ಯಾರೇಜಲ್ಲೇ ಬೋಟ್ ಗ್ರೈಂಡ್ ಮಾಡ್ತಾರೆ, ಮನೇಲಿ ಐದು ವರ್ಷದ ಮಗು ಇದೆ. ಮೂಗಿಗೆ ಕರ್ಚೀಫ್ ಕಟ್ಕೊಂಡ್ರೆ ಸಾಕು ಅಂತಾರೆ. ನಿಜವಾಗ್ಲೂ ಸಾಕಾ?

ಸಾಕಾಗೋದಿಲ್ಲ ಅಕ್ಕ, ನಿಮ್ಮ ಅನುಮಾನವೇ ಸರಿ. ನಾನು ಕಲಿತ ಯಾರ್ಡಲ್ಲಿ ನಮಗೂ ಒಂದು ಬೈರಾಸು (ಟವೆಲ್) ಮಾತ್ರ ಕೊಡ್ತಿದ್ರು, ಜೊತೆಗೆ ಕೆಲಸ ಮಾಡಿದವರು ಈಗ ರಾತ್ರಿ ಕೆಮ್ಮೋದು ಫೋನಲ್ಲೇ ಕೇಳಿಸ್ತದೆ. ಗಾಜಿನ ಧೂಳಿಗೆ ಬಟ್ಟೆ ಅಡ್ಡ ಬರೋದಿಲ್ಲ. ಗ್ರೈಂಡ್ ಮಾಡ್ಲಿಕ್ಕೆ ಸಣ್ಣ ಧೂಳು ತಡೆಯೋ ಪಿ100 ಫಿಲ್ಟರ್ ಇರೋ ರಬ್ಬರ್ ಮಾಸ್ಕು, ರೆಸಿನ್ ಹಚ್ಚುವಾಗ ಅದಕ್ಕೇ ರಾಸಾಯನಿಕ ಆವಿ ತಡೆಯೋ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್. ಎಪಾಕ್ಸಿ ಚರ್ಮಕ್ಕೆ ತಾಗ್ತಾ ಇದ್ರೆ ಒಂದಿನ ಇದ್ದಕ್ಕಿದ್ದ ಹಾಗೆ ಅಲರ್ಜಿ ಶುರುವಾಗಿ ಜೀವನಪೂರ್ತಿ ಬಿಡೋದಿಲ್ಲ, ನೈಟ್ರೈಲ್ ಗ್ಲೌಸ್ ಬೇಕೇ ಬೇಕು, ಕೈಗೆ ಅಂಟಿದ್ದನ್ನ ಅಸಿಟೋನಲ್ಲಿ ಒರೆಸ್ಬಾರ್ದು. ಗ್ರೈಂಡಿಂಗ್ ಗ್ಯಾರೇಜಿನ ಹೊರಗೆ, ಮನೆ ಕಡೆ ಬಾಗ್ಲು ಮುಚ್ಚಿ, ಕೆಲಸದ ಬಟ್ಟೆ ಹೊರಗೇ ಬಿಚ್ಚಿ ಬೇರೆಯಾಗಿ ಒಗೀಲಿ, ಆ ಬಟ್ಟೇಲಿ ಮಗೂನ ಎತ್ಕೊಳ್ಳೋದು ಬೇಡ. ಉಳಿದ ರೆಸಿನ್ ಲೋಟದಲ್ಲಿ ಹಾಗೇ ಬಿಟ್ರೆ ಬಿಸಿಯಾಗಿ ಹೊಗೆ ಬರ್ತದೆ, ಕಸದ ಬುಟ್ಟಿಗೆ ಹಾಕಿದ್ರೆ ಬೆಂಕೀನೂ ಹತ್ತಬಹುದು. ಅಗಲ ತಟ್ಟೆಗೆ ತೆಳುವಾಗಿ ಹರಡಿ ಹೊರಗಿಟ್ಟು, ತಣ್ಣಗಾದ ಮೇಲೆ ಬಿಸಾಡ್ಲಿ.

ಸಿಲಿಕಾನ್ ಸೀಲೆಂಟ್ ಹಾಕಬಹುದಾ? ಮನೇಲಿ ಬಾತ್‌ರೂಮಿಗೆ ತಂದಿದ್ದು ಉಳಿದಿದೆ.

ಬೇಡ. ಬೋಟಲ್ಲಿ ಅದು ಹೆಚ್ಚು ದಿನ ಹಿಡಿಯೋದಿಲ್ಲ, ಅದು ತಾಗಿದ ಜಾಗಕ್ಕೆ ಆಮೇಲೆ ಪೇಂಟೂ ಅಂಟೋದಿಲ್ಲ. ತ್ರೀಎಂ 5200 ಅನ್ನೋದು ಶಾಶ್ವತ ಅಂಟು, ಮುಂದೆ ಬಿಚ್ಚೋದೇ ಇಲ್ಲ ಅನ್ನೋ ಕಡೆ ಮಾತ್ರ. ಕ್ಲೀಟು, ರೇಲು ಇಂಥದ್ದಕ್ಕೆ ಬ್ಯೂಟೈಲ್ ಟೇಪ್ (ಮೆತ್ತಗಿನ ರಬ್ಬರಿನ ಅಂಟು ಪಟ್ಟಿ) ಹಾಕಿ.

ಹಳೇ ಬೋಟಿನ ಜೊತೆ 1960ರ ದಶಕದ 40 ಎಚ್‌ಪಿ ಎವಿನ್‌ರೂಡ್ ಟೂ ಸ್ಟ್ರೋಕ್ ಬಂದಿದೆ. ಇಟ್ಕೊಳ್ಳೋದಾ, ಹೊಸ ಫೋರ್ ಸ್ಟ್ರೋಕ್ ಹಾಕೋದಾ? ವೈರಿಂಗ್ ಬಗ್ಗೇನೂ ಹೇಳಿ.

ಓಲೆ ಎವಿನ್‌ರೂಡ್ 1909ರಲ್ಲಿ ಮಿಲ್ವಾಕೀಲಿ ಶುರು ಮಾಡಿದ ಹೆಸರು ಅದು, 2020ರಲ್ಲಿ ಆ ಮೋಟರ್ ತಯಾರಿ ನಿಂತೇ ಹೋಯ್ತು. ಹಳೇ ಬೋಟಿಗೆ ಅದೇ ಕಾಲದ ಮೋಟರ್ ಇದ್ರೆ ಅದರ ಚೆಂದವೇ ಬೇರೆ, ಸತ್ತಿಲ್ಲ ಅಂದ್ರೆ ನಾನು ಉಳಿಸ್ಕೊಳ್ತೇನೆ. ಮೊದ್ಲು ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಅಳೆದು ನೋಡಿ, ಎರಡೂ ಸಿಲಿಂಡರ್ ಹತ್ರ ಹತ್ರ ಒಂದೇ ಬರ್ಬೇಕು. ಕೆಳಗಿನ ಗೇರ್ ಆಯಿಲ್ ಸ್ವಲ್ಪ ಬಿಚ್ಚಿ ನೋಡಿ, ಹಾಲು ಹಾಕಿದ ಕಾಫಿ ಬಣ್ಣ ಇದ್ರೆ ಸೀಲ್ ಹೋಗಿ ನೀರು ಸೇರಿದೆ. ಈ ಎರಡು ಪಾಸಾದ್ರೆ ವಾಟರ್ ಪಂಪ್ ಇಂಪೆಲ್ಲರ್, ಪ್ಲಗ್, ಪೆಟ್ರೋಲ್ ಪೈಪ್ ಎಲ್ಲಾ ಕಣ್ಣು ಮುಚ್ಚಿ ಹೊಸದು ಹಾಕಿ. ಈಗಿನ ಎಥನಾಲ್ ಪೆಟ್ರೋಲಿಗೆ ಹಳೇ ರಬ್ಬರ್ ಪೈಪ್ ಮೆತ್ತಗಾಗಿ ಒಳಗಿಂದ ಸುಲೀತದೆ, ಎಥನಾಲ್ ಇಲ್ಲದ್ದು ಸಿಕ್ಕಿದ್ರೆ ಅದನ್ನೇ ಹಾಕಿ. ಆಯಿಲ್ ಎಷ್ಟು ಬೆರೆಸ್ಬೇಕು ಅನ್ನೋದು ಆ ವರ್ಷದ ಮ್ಯಾನ್ಯುಯಲ್ ನೋಡಿಯೇ. ಕೆಲವಕ್ಕೆ 24 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್, ಕೆಲವಕ್ಕೆ 50ಕ್ಕೆ 1. ಬೈಕಿನ ಆಯಿಲ್ ಬೇಡ, ಬೋಟಿನ ಟಿಸಿ‌-ಡಬ್ಲ್ಯೂ3 ಅಂತ ಬರೆದದ್ದು ತನ್ನಿ. ಹೊಸದೇ ಬೇಕಾದ್ರೆ ಎಚ್‌ಪಿ ಜೊತೆ ತೂಕವನ್ನೂ ನೋಡಿ, ಈಗಿನ 40ರ ಫೋರ್ ಸ್ಟ್ರೋಕ್ ತುಂಬಾ ಭಾರ, ಸಣ್ಣ ಬೋಟಿನ ಹಿಂಭಾಗ ಕುಸಿದು ಕೂರ್ತದೆ. 13, 14 ಅಡಿಗೆ 25 ಎಚ್‌ಪಿ ಸಾಕು. ಶಾಫ್ಟ್ 15 ಇಂಚಿನದ್ದಾ 20 ಇಂಚಿನದ್ದಾ ಅಂತ ಟ್ರಾನ್ಸಮ್ ಎತ್ತರ ಅಳೆದೇ ದುಡ್ಡು ಕೊಡಿ.

ವೈರಿಂಗ್ ಹಳೇದು ಎಲ್ಲಾ ಕಿತ್ತು ಹಾಕಿ, ಒಂದಡಿಯೂ ಬೇಡ. ತವರ ಲೇಪ ಇರೋ ತಾಮ್ರದ ಮರೈನ್ ವೈರು, ಒಳಗೆ ಅಂಟು ಇರೋ ಹೀಟ್ ಶ್ರಿಂಕ್ ಟರ್ಮಿನಲ್, ಬ್ಯಾಟರಿ ಪಕ್ಕದಲ್ಲೇ ಮೇನ್ ಫ್ಯೂಸು. ತಳದಲ್ಲಿ ಸೇರಿದ ನೀರನ್ನ ಹೊರಗೆ ಹಾಕೋ ಬಿಲ್ಜ್ ಪಂಪಿನ ಫ್ಲೋಟ್ ಸ್ವಿಚ್‌ಗೆ ಮಾತ್ರ ಬ್ಯಾಟರಿಯಿಂದ ನೇರ ಲೈನು, ಅದಕ್ಕೆ ಅದರದ್ದೇ ಫ್ಯೂಸು, ಯಾಕಂದ್ರೆ ನೀವು ಮೇನ್ ಆಫ್ ಮಾಡಿ ಮನೆಗೆ ಹೋದ ರಾತ್ರೀನೇ ಮಳೆ ಬರೋದು. ಲೈಟು ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಎತ್ತರದಲ್ಲಿ ಸುತ್ತ ಕಾಣೋ ಬಿಳಿ. ಓಡಿಸೋರ ಮೈಗೆ ಕಟ್ಟೋ ಎಂಜಿನ್ ಕಟಾಫ್ ದಾರ ಹಳೇ ಮೋಟರಲ್ಲಿ ಇರೋದಿಲ್ಲ, ಹಾಕಿಸ್ಕೊಳ್ಳಿ. ಹೊಸ ಬೋಟುಗಳಿಗೆ ಅಮೆರಿಕದಲ್ಲಿ 2021ರ ಏಪ್ರಿಲಿಂದ ಅದನ್ನ ಕಟ್ಕೊಳ್ಳೋದು ಕಾನೂನು, ಹಳೇ ಬೋಟಲ್ಲಿ ಬಿದ್ದೋರಿಗೂ ಪ್ರೊಪೆಲ್ಲರ್ ಅಷ್ಟೇ ಚೂಪು.

ಮಿನ್ನೆಸೋಟದಿಂದ. ಬೋಟಿಗೆ ನಮ್ಮಜ್ಜಿ ಹೆಸರು ಕನ್ನಡದಲ್ಲೇ ಬರೆಸ್ಬೇಕು ಅಂತ ಆಸೆ. ತೊಂದ್ರೆ ಇದೆಯಾ?

ಏನೂ ತೊಂದ್ರೆ ಇಲ್ಲ, ಧಾರಾಳವಾಗಿ ಬರೆಸಿ. ರಿಜಿಸ್ಟ್ರೇಷನ್ ನಂಬರ್ ಮಾತ್ರ ಇಂಗ್ಲಿಷ್ ಅಕ್ಷರ ಅಂಕಿಯಲ್ಲೇ, ಮುಂಭಾಗದಲ್ಲಿ ಎರಡೂ ಕಡೆ, ಕನಿಷ್ಠ 3 ಇಂಚು ಎತ್ತರ, ಬೋಟಿನ ಬಣ್ಣಕ್ಕೆ ಎದ್ದು ಕಾಣೋ ಹಾಗೆ ಇರ್ಬೇಕು. ಹೆಸರು ಅದಕ್ಕೆ ತಾಗದ ಹಾಗೆ ಹಿಂದೆ ಟ್ರಾನ್ಸಮ್ ಮೇಲೆ ಬರ್ಲಿ. ವಿನೈಲ್ ಕಟ್ ಮಾಡೋ ಅಂಗಡಿಯವರಿಗೆ ಕನ್ನಡ ಅಕ್ಷರ ಟೈಪ್ ಮಾಡಿ ಕಳಿಸಿದ್ರೆ ಅವರ ಕಂಪ್ಯೂಟರಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂರ್ತದೆ, ಅದಕ್ಕೆ ಅಕ್ಷರವನ್ನ ಗೆರೆಚಿತ್ರದ (ಔಟ್ಲೈನ್) ರೂಪಕ್ಕೆ ಬದಲಿಸಿ ಪಿಡಿಎಫ್ ಕಳಿಸಿ, ಕಟ್ ಆಗೋ ಮೊದ್ಲು ಸ್ಕ್ರೀನ್ ಮೇಲೆ ಒಂದ್ಸಲ ನೀವೇ ಓದಿ ನೋಡಿ. ಕೊಂಬು, ದೀರ್ಘ, ಒತ್ತಿನ ತೆಳು ತುದಿಗಳು ಮೊದ್ಲು ಏಳೋದು, ಸ್ವಲ್ಪ ದಪ್ಪ ಅಕ್ಷರವನ್ನೇ ಆರಿಸ್ಕೊಳ್ಳಿ. ಮೇಣ ಹಚ್ಚಿದ ಮೇಲೆ ವಿನೈಲ್ ಹಿಡಿಯೋದಿಲ್ಲ, ಅಜ್ಜಿ ಹೆಸರು ಮೊದ್ಲು ಅಂಟಿಸಿ, ವ್ಯಾಕ್ಸ್ ಆಮೇಲೆ.